ಜಿಂಕೆಗೆ ಮೋಹಕ ಬಲೆ ಏಕಿಲ್ಲ: ಜೇಕಬ್‌ಸನ್ ಅಂಗದ ಅಂಗಾಂಶ ಹೇಳುವ ಉತ್ತರ

ಮಂಡ್ಯ, ಮದ್ದೂರು, ಕೆ.ಆರ್. ಪೇಟೆಯ ಕಡೆಯ ತೆಂಗಿನ ತೋಟಗಳಲ್ಲಿ ಮೋಹಕ ಬಲೆ ಹೊಸದೇನಲ್ಲ. ಮುಚ್ಚಳಕ್ಕೆ ಸಣ್ಣ ಪೊಟ್ಟಣವೊಂದನ್ನು ತೂಗುಹಾಕಿದ ಬಕೆಟ್ಟಿಗೆ ಸುಳಿ ಕೊರೆಯುವ ಕಪ್ಪು ದುಂಬಿಗಳೂ ಕೆಂಪು ಮೂತಿ ಹುಳುಗಳೂ ತಾವಾಗಿಯೇ ಬಂದು ಬೀಳುವುದನ್ನು ಕಂಡ ರೈತನಿಗೆ ಫೆರೊಮೋನ್ (ಒಂದು ಜೀವಿ ತನ್ನದೇ ಪ್ರಭೇದದ ಇನ್ನೊಂದಕ್ಕೆ ಕಳಿಸುವ ರಾಸಾಯನಿಕ ಸಂದೇಶ) ಎಂಬ ಪದದ ಮೇಲೆ ನಂಬಿಕೆ ಹುಟ್ಟುವುದು ಸಹಜವೇ. ಇದೇ ನಂಬಿಕೆಯಿಂದ, ಎಚ್.ಡಿ. ಕೋಟೆ ಮತ್ತು ಮಳವಳ್ಳಿಯಂತಹ ಕಾಡಂಚಿನ ತಾಲ್ಲೂಕುಗಳಲ್ಲಿ ರಾಗಿ, ಹುರುಳಿ, ಅವರೆ ಬೆಳೆಯುವವರು ಇನ್ನೊಂದು ಪ್ರಶ್ನೆಯನ್ನು ಕೇಳುತ್ತಾರೆ: ದುಂಬಿಗೆ ಒದಗಿದ ಉಪಾಯ ಜಿಂಕೆಗೆ, ಕಡವೆಗೆ ಏಕೆ ಒದಗಬಾರದು? ಒಂದು ಬಾಟಲಿ ದ್ರಾವಣದಿಂದ ಅವನ್ನು ಬೇರೆ ಕಡೆಗೆ ಸೆಳೆಯುವುದೋ, ಹೊಲದ ಬದುವಿನಿಂದ ಆಚೆಗಟ್ಟುವುದೋ ಆಗದೆ?

ಈ ಪ್ರಶ್ನೆಗೆ ಬೆಲೆ, ಮಾರುಕಟ್ಟೆ, ಸರ್ಕಾರಿ ಸಹಾಯಧನ ಇವುಗಳ ಮಟ್ಟದಲ್ಲಿ ಉತ್ತರ ಹುಡುಕುವ ಮೊದಲು ಜಿಂಕೆಯ ಮೂಗಿನೊಳಗೆ ಇಣುಕಬೇಕಾಗುತ್ತದೆ. ಫೆರೊಮೋನನ್ನು ಗ್ರಹಿಸುವ ಅಂಗ ಅಲ್ಲಿ ಎಲ್ಲಿ ಕುಳಿತಿದೆ, ಅದರ ಬಾಯಿ ಎತ್ತ ತೆರೆದುಕೊಂಡಿದೆ, ಅದರ ಗೋಡೆಯಲ್ಲಿ ಯಾವ ಜೀವಕೋಶಗಳಿವೆ ಎಂಬ ಅಂಗಾಂಶದ ವಿವರಗಳೇ ಯಾವುದು ಸಾಧ್ಯ, ಯಾವುದು ಬರಿಯ ಜಾಹೀರಾತು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿಬಿಡುತ್ತವೆ.

ಮೊದಲು ಕೀಟಗಳ ಮಾತು. ಫೆರೊಮೋನ್ ಎಂಬ ಹೆಸರನ್ನು ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲ್ಯೂಷರ್ 1959ರಲ್ಲಿ ಬಳಕೆಗೆ ತಂದರು. ಅದೇ ವರ್ಷ ಅಡಾಲ್ಫ್ ಬುಟೆನಾಂಟ್ ಅವರ ತಂಡ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಬಾಂಬಿಕಾಲ್ ಎಂಬ ವಸ್ತುವನ್ನು ಬೇರ್ಪಡಿಸಿದ ವರದಿಯನ್ನು ಪ್ರಕಟಿಸಿತು. ಆ ಪತಂಗ ಬೇರೆ ಯಾವುದೂ ಅಲ್ಲ, ನಮ್ಮ ರೇಷ್ಮೆ ಹುಳುವಿನದೇ. ಬಿತ್ತನೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಕೆಲಸ ಮಾಡಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ: ಗೂಡಿನಿಂದ ಹೊರಬಂದ ಹೆಣ್ಣು ಪತಂಗ ಕದಲದೆ ಕುಳಿತು ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚುತ್ತದೆ, ಗಂಡು ರೆಕ್ಕೆ ಬಡಿಯುತ್ತ ತಟ್ಟೆಯ ತುಂಬ ಸುತ್ತುತ್ತದೆ. ಇಲ್ಲಿ ಸಂದೇಶ ಗಾಳಿಯಲ್ಲಿ ಬರುತ್ತದೆ, ಗಂಡಿನ ಗರಿಯಾಕಾರದ ಕುಡಿಮೀಸೆ ಗಾಳಿಗೆ ನೇರವಾಗಿ ಒಡ್ಡಿಕೊಂಡಿರುತ್ತದೆ, ಒಂದೇ ವಸ್ತು ಒಂದೇ ವರ್ತನೆಯನ್ನು ಬಹುತೇಕ ತಪ್ಪದೆ ಎಬ್ಬಿಸುತ್ತದೆ. ಮೋಹಕ ಬಲೆಯ ಯಶಸ್ಸೆಲ್ಲ ಈ ಮೂರು ಸಂಗತಿಗಳ ಮೇಲೆ ನಿಂತಿದೆ. ಜಿಂಕೆಯಲ್ಲಿ ಈ ಮೂರೂ ಬೇರೆಯೇ ಆಗಿವೆ.

ಜಿಂಕೆಯೂ ಸೇರಿದಂತೆ ಬಹುಪಾಲು ಸಸ್ತನಿಗಳಲ್ಲಿ ಸಾಮಾನ್ಯ ವಾಸನೆಯನ್ನು ಗ್ರಹಿಸುವ ಮೂಗಿನ ಮೇಲ್ಭಾಗದ ಅಂಗಾಂಶವಲ್ಲದೆ, ಅದರಿಂದ ದೂರದಲ್ಲಿ, ಮೂಗಿನ ನಡುಗೋಡೆಯ ಬುಡಕ್ಕೆ ಆತುಕೊಂಡು, ಎಡಕ್ಕೊಂದು ಬಲಕ್ಕೊಂದರಂತೆ ಎರಡು ಕಿರುನಾಳಗಳಿರುತ್ತವೆ. ವೋಮರ್ ಎಂಬ ಎಲುಬಿನ ಪಕ್ಕದಲ್ಲಿರುವುದರಿಂದ ಇದನ್ನು ವೊಮೆರೊನೇಸಲ್ ಅಂಗವೆಂದು ಕರೆಯುತ್ತಾರೆ. ಡಚ್ ಅಂಗರಚನಾ ಶಾಸ್ತ್ರಜ್ಞ ಫ್ರೆಡೆರಿಕ್ ರೌಷ್ 1703ರಷ್ಟು ಹಿಂದೆಯೇ ಮನುಷ್ಯನ ಮೂಗಿನಲ್ಲಿ ಇಂಥದೊಂದು ನಾಳವನ್ನು ಗುರುತಿಸಿದ್ದರೂ, ಪ್ರಾಣಿಗಳಲ್ಲಿ ಅದನ್ನು ವ್ಯವಸ್ಥಿತವಾಗಿ ವಿವರಿಸಿದವನು 1811ರಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಲುಡ್ವಿಗ್ ಜೇಕಬ್‌ಸನ್. ಜೇಕಬ್‌ಸನ್ ಅಂಗ ಎಂಬ ಹೆಸರು ಹಾಗೆ ಬಂತು.

ಇದರ ಬಾಯಿ ಎಲ್ಲಿದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಜಿಂಕೆಗೆ ಹಸು, ಕುರಿಗಳಂತೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ. ಅಲ್ಲಿ ಗಟ್ಟಿಯಾದ ದಿಂಡಿನಂತಹ ಒಸಡಿದೆ. ಅದರ ಹಿಂದೆಯೇ, ಅಂಗುಳದ ಮುಂತುದಿಯಲ್ಲಿ, ಸಣ್ಣ ಉಬ್ಬೊಂದರ ಎರಡು ಬದಿಗಳಲ್ಲಿ ಎರಡು ಸೀಳುಗಳು ಕಾಣುತ್ತವೆ. ಈ ಸೀಳುಗಳಿಂದ ಮೇಲಕ್ಕೆ ಹೋಗುವ ಓರೆನಾಳ ಬಾಯಿಯನ್ನೂ ಮೂಗನ್ನೂ ಕೂಡಿಸುತ್ತದೆ, ಜೇಕಬ್‌ಸನ್ ಅಂಗ ಆ ಓರೆನಾಳಕ್ಕೆ ತೆರೆದುಕೊಳ್ಳುತ್ತದೆ. ಅಂಗದ ಹಿಂತುದಿ ಮುಚ್ಚಿಕೊಂಡಿದೆ. ಉಸಿರಾಟದ ಗಾಳಿ ಹರಿಯುವ ಹೆದ್ದಾರಿಯಲ್ಲಿ ಅದು ಇಲ್ಲವೇ ಇಲ್ಲ. ಹೀಗಾಗಿ ಜಿಂಕೆ ಎಷ್ಟೇ ಆಳವಾಗಿ ಉಸಿರೆಳೆದರೂ ಗಾಳಿ ತಾನಾಗಿ ಇದರೊಳಗೆ ಹೊಕ್ಕು ಹೊರಬರುವುದಿಲ್ಲ.

ಮೆಲುಕು ಹಾಕುವ ಪ್ರಾಣಿಯ ಈ ಅಂಗವನ್ನು ಅಡ್ಡಲಾಗಿ ಕತ್ತರಿಸಿ, ಕೆಲವೇ ಮೈಕ್ರಾನು ದಪ್ಪದ ಪದರವನ್ನು ಗಾಜಿನ ಮೇಲೆ ಹರಡಿ, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಹೊರಗಿನ ಮೃದ್ವಸ್ಥಿಯ ಕವಚ. ಉದ್ದಕ್ಕೆ ಸೀಳಿದ ಬಿದಿರಿನ ದೋಣಿಯನ್ನು ಪಕ್ಕಕ್ಕೆ ಹೊರಳಿಸಿಟ್ಟಂತೆ ಅದು ಒಂದು ಬದಿ ಬಿಟ್ಟು ಉಳಿದೆಡೆ ಅಂಗವನ್ನು ತಬ್ಬಿಕೊಂಡಿರುತ್ತದೆ. ಒಳಗಿನ ಟೊಳ್ಳು ಅರ್ಧಚಂದ್ರಾಕಾರ. ಈ ಟೊಳ್ಳಿನ ಎರಡು ಗೋಡೆಗಳು ಒಂದೇ ಬಗೆಯವಲ್ಲ ಎಂಬುದನ್ನು ತಿಳಿಯಲು ಹೆಚ್ಚಿನ ಪರಿಣತಿ ಬೇಡ. ಕಡಿಮೆ ವರ್ಧನೆಯಲ್ಲೇ ಅದು ಎದ್ದು ಕಾಣುತ್ತದೆ.

ನಡುಗೋಡೆಯ ಕಡೆಗಿರುವ ಒಳಗೋಡೆ ದಪ್ಪ. ಅಲ್ಲಿ ಬೀಜಕೇಂದ್ರಗಳು ಸಾಲುಸಾಲಾಗಿ ಒತ್ತೊತ್ತಾಗಿವೆ. ಮೇಲಿನ ಸಾಲು ಆಧಾರಕೋಶಗಳದು, ಅದರ ಕೆಳಗಿನ ಹಲವು ಸಾಲುಗಳು ಗ್ರಹಿಸುವ ನರಕೋಶಗಳದು, ತಳದಲ್ಲಿ ಚದುರಿದಂತಿರುವವು ಬುಡಕೋಶಗಳು. ಸತ್ತ ನರಕೋಶಗಳ ಜಾಗಕ್ಕೆ ಹೊಸವನ್ನು ಜೀವಮಾನವಿಡೀ ಹುಟ್ಟಿಸುತ್ತಿರುವುದು ಈ ಬುಡಕೋಶಗಳ ಕೆಲಸ. ನರಕೋಶ ಎರಡು ತುದಿಯದು: ಒಂದು ತುದಿ ಟೊಳ್ಳಿನತ್ತ ಚಾಚಿ ಅಲ್ಲಿ ಮೈಕ್ರೋವಿಲ್ಲೈ ಎಂಬ ಕಿರುಬೆರಳುಗಳನ್ನು ಬಿಡುತ್ತದೆ, ಇನ್ನೊಂದು ತುದಿ ಕೆಳಗಿಳಿದು ಇತರ ಎಳೆಗಳೊಡನೆ ಕಟ್ಟಾಗಿ ಮಿದುಳಿನ ಕಡೆಗೆ ಹೊರಡುತ್ತದೆ. ಎದುರಿನ ಹೊರಗೋಡೆ ಇದಕ್ಕಿಂತ ತೆಳು. ಅದು ಉಸಿರಾಟದ ಹಾದಿಯ ಒಳಪದರವನ್ನೇ ಹೋಲುತ್ತದೆ, ಮೇಲೆ ಅಲುಗಾಡುವ ಲೋಮಗಳಿವೆ, ಗ್ರಹಿಸುವ ನರಕೋಶಗಳ ಸಾಲುಗಳಿಲ್ಲ.

ಇನ್ನೂ ಸ್ವಾರಸ್ಯದ ಸಂಗತಿ ಈ ಪದರಗಳ ಅಡಿಯಲ್ಲಿದೆ. ಅಲ್ಲಿ ಗ್ರಂಥಿಗಳ ಗೊಂಚಲುಗಳು ಟೊಳ್ಳಿನೊಳಗೆ ದ್ರವವನ್ನು ಸುರಿಸುತ್ತವೆ, ಹಾಗಾಗಿ ಟೊಳ್ಳು ಯಾವಾಗಲೂ ತೇವವಾಗಿರುತ್ತದೆ. ಹೊರಗೋಡೆಯ ಹಿಂದೆ ದೊಡ್ಡ ದೊಡ್ಡ ರಕ್ತನಾಳಗಳು, ಅದರಲ್ಲೂ ಅಗಲವಾದ ಅಭಿಧಮನಿಗಳು, ಖಾಲಿ ಕಿಂಡಿಗಳಂತೆ ಕಾಣುತ್ತವೆ. ಇಷ್ಟು ಸಣ್ಣ ಅಂಗಕ್ಕೆ ಪೋಷಣೆಗಾಗಿ ಅಷ್ಟು ದೊಡ್ಡ ನಾಳಗಳು ಬೇಕಿಲ್ಲ. ಅವು ಇರುವುದು ಒತ್ತಡಕ್ಕಾಗಿ: ನಾಳಗಳು ರಕ್ತ ತುಂಬಿ ಉಬ್ಬಿದಾಗ ಟೊಳ್ಳು ಕಿರಿದಾಗಿ ಒಳಗಿನ ದ್ರವ ಹೊರಕ್ಕೆ ಹೋಗುತ್ತದೆ, ಕುಗ್ಗಿದಾಗ ಟೊಳ್ಳು ಹಿಗ್ಗಿ ಹೊರಗಿನ ದ್ರವವನ್ನು ಒಳಕ್ಕೆ ಹೀರುತ್ತದೆ. ಸುತ್ತಲಿನ ಮೃದ್ವಸ್ಥಿ ಬಾಗದೆ ನಿಲ್ಲುವುದರಿಂದಲೇ ಈ ಹಿಗ್ಗು ಕುಗ್ಗು ಪೂರ್ತಿ ಟೊಳ್ಳಿನ ಮೇಲೆ ಬೀಳುತ್ತದೆ. ಈ ಪಂಪಿನ ಕ್ರಿಯೆಯನ್ನು 1979-80ರ ಸುಮಾರಿಗೆ ಮೈಕೆಲ್ ಮೆರೆಡಿತ್ ಮತ್ತು ಸಂಗಡಿಗರು ಹ್ಯಾಮ್‌ಸ್ಟರ್‌ಗಳಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಕವಚ, ಗ್ರಂಥಿ, ರಕ್ತನಾಳ ಮೂರನ್ನೂ ಒಟ್ಟಿಗೆ ನೋಡಿದಾಗ ಈ ಅಂಗ ಗಾಳಿಯನ್ನು ಮೂಸುವ ಸಾಧನವಲ್ಲ, ದ್ರವವನ್ನು ಹೀರಿ ಪರೀಕ್ಷಿಸುವ ಸಾಧನ ಎಂಬುದರಲ್ಲಿ ನನಗೆ ಸಂಶಯ ಉಳಿಯುವುದಿಲ್ಲ.

ಹಾಗಾದರೆ ದ್ರವ ಅದರ ಬಾಗಿಲವರೆಗೆ ಬರುವುದು ಹೇಗೆ? ಕುರಿ ಸಾಕುವವರಿಗೆ ಇದು ಗೊತ್ತು. ಬನ್ನೂರು, ಬಂಡೂರಿನ ಕಡೆ ಮಂದೆಯಲ್ಲಿ ಹೆಣ್ಣು ಕುರಿ ಉಚ್ಚೆ ಹೊಯ್ಯುತ್ತಿದ್ದಂತೆ ಟಗರು ಅಲ್ಲಿಗೆ ಮೂತಿ ಹಿಡಿದು, ಆಮೇಲೆ ಕತ್ತು ಚಾಚಿ, ತಲೆಯೆತ್ತಿ, ಮೇಲ್ದುಟಿಯನ್ನು ಮಡಿಚಿ ಹಲ್ಲು ಕಿರಿದಂತೆ ಕೆಲವು ಕ್ಷಣ ನಿಂತುಬಿಡುತ್ತದೆ. ಬೆದೆಗೆ ಬಂದ ಕುರಿ ಯಾವುದು ಎಂದು ಟಗರು ನೋಡುತ್ತಿದೆ ಎಂದು ಕುರಿ ಕಾಯುವ ಹುಡುಗನೂ ಹೇಳಬಲ್ಲ. ಲೈಪ್‌ಜಿಗ್ ಮೃಗಾಲಯದ ಕಾರ್ಲ್ ಮ್ಯಾಕ್ಸ್ ಷ್ನೈಡರ್ 1930ರಲ್ಲಿ ಇದಕ್ಕೆ ಫ್ಲೇಮೆನ್ ಎಂದು ಹೆಸರಿಟ್ಟರು. ಮೈಸೂರು ಮೃಗಾಲಯದ ಜಿಂಕೆ ಆವರಣದ ಮುಂದೆ ತಾಳ್ಮೆಯಿಂದ ನಿಂತವರಿಗೆ ಚುಕ್ಕೆ ಜಿಂಕೆಯ ಗಂಡಿನಲ್ಲೂ ಇದೇ ಭಂಗಿ ಕಾಣಸಿಗುತ್ತದೆ. ಪ್ರಾಣಿ ನಗುತ್ತಿದೆ ಎಂದು ಮಕ್ಕಳು ಕೂಗುವುದು ಸಾಮಾನ್ಯವಾಗಿ ಆ ಹೊತ್ತಿಗೇ. ಈ ಭಂಗಿಯಿಂದ ದ್ರವ ನಿಜವಾಗಿ ಅಂಗದೊಳಗೆ ಹೋಗುತ್ತದೆಯೇ ಎಂಬುದನ್ನು ಲಾಡೆವಿಗ್ ಮತ್ತು ಹಾರ್ಟ್ ಎಂಬ ಸಂಶೋಧಕರು 1980ರಲ್ಲಿ ಹೋತಗಳಲ್ಲಿ ಪರೀಕ್ಷಿಸಿದರು. ಬಾಯಿಗೆ ಹಚ್ಚಿದ, ಹೊಳೆಯುವ ಗುಣದ ಬಣ್ಣ ಫ್ಲೇಮೆನ್ ಮಾಡಿದ ಹೋತಗಳ ಜೇಕಬ್‌ಸನ್ ಅಂಗದಲ್ಲಿ ಸಿಕ್ಕಿತು.

ಕೊರಿಯಾದ ಸಂಶೋಧಕರು ತಮ್ಮ ನಾಡಿನ ರೋ ಜಿಂಕೆಯ ಇದೇ ಅಂಗವನ್ನೂ ಅದರ ನರಗಳು ಮಿದುಳಿನಲ್ಲಿ ಮುಟ್ಟುವ ಜಾಗವನ್ನೂ ಅಂಗಾಂಶದ ಮಟ್ಟದಲ್ಲಿ ಅಧ್ಯಯನ ಮಾಡಿ 2014ರಲ್ಲಿ ವರದಿ ಪ್ರಕಟಿಸಿದರು. ರಚನೆ ಇತರ ಮೆಲುಕು ಪ್ರಾಣಿಗಳದನ್ನು ನಿಕಟವಾಗಿ ಹೋಲುತ್ತದೆ ಎಂಬುದು ಅದರ ಸಾರ. ಸ್ಕ್ಯಾಂಡಿನೇವಿಯಾದ ಮೂಸ್ ಎಂಬ ದೈತ್ಯ ಜಿಂಕೆಯ ಮೇಲೂ ಇಂಥ ಅಧ್ಯಯನ ನಡೆದಿದೆ. ಹೀಗಾಗಿ ಮೇಲಿನ ವಿವರಣೆಯ ಚೌಕಟ್ಟು ಜಿಂಕೆ ಕುಲಕ್ಕೆ ಅನ್ವಯಿಸುತ್ತದೆ ಎನ್ನಲು ಗಟ್ಟಿ ಆಧಾರವಿದೆ.

ಇನ್ನು ಗ್ರಾಹಕಗಳು. ನರಕೋಶದ ಕಿರುಬೆರಳುಗಳ ಮೇಲೆ ಕುಳಿತು ಅಣುವನ್ನು ಗುರುತಿಸುವ ಪ್ರೋಟೀನುಗಳಲ್ಲಿ ಎರಡು ಮುಖ್ಯ ಕುಟುಂಬಗಳಿವೆ. ವಿ1ಆರ್ ಎಂಬ ಮೊದಲ ಕುಟುಂಬವನ್ನು ಕ್ಯಾಥರಿನ್ ಡುಲಾಕ್ ಮತ್ತು ರಿಚರ್ಡ್ ಆ್ಯಕ್ಸೆಲ್ 1995ರಲ್ಲಿ ಕಂಡುಹಿಡಿದರು. ವಿ2ಆರ್ ಎಂಬ ಎರಡನೆಯದು 1997ರಲ್ಲಿ ಬೆಳಕಿಗೆ ಬಂತು. ಇಲಿಗಳಲ್ಲಿ ಎರಡೂ ಇವೆ. ಒಳಗೋಡೆಯ ಮೇಲ್ಪದರದ ನರಕೋಶಗಳು ಒಂದನ್ನು, ತಳಪದರದವು ಇನ್ನೊಂದನ್ನು ಹೊತ್ತಿರುತ್ತವೆ. ಹಸು, ಆಡುಗಳಂತಹ ಪ್ರಾಣಿಗಳಲ್ಲಿ ವಿ2ಆರ್ ಜೀನುಗಳು ಕೆಟ್ಟು ನಿಂತಿವೆ. ಉಳಿದಿರುವುದು ವಿ1ಆರ್ ಮಾತ್ರ, ಅದೂ ಇಲಿಗೆ ಇನ್ನೂರರ ಆಸುಪಾಸು ಇದ್ದರೆ ಹಸುವಿಗೆ ಮೂವತ್ತು ನಲವತ್ತರಷ್ಟು. ಆಡಿನ ಮಿದುಳಿನಲ್ಲಿ ಈ ನರಗಳು ಕೊನೆಗೊಳ್ಳುವ ಜಾಗವೂ ಇದಕ್ಕೆ ತಕ್ಕಂತೆ ಇಲಿಯಲ್ಲಿರುವ ಹಾಗೆ ಇಬ್ಭಾಗವಾಗಿಲ್ಲ, ಏಕರೂಪವಾಗಿದೆ. ಪ್ರಯೋಗಾಲಯದ ಇಲಿಯಲ್ಲಿ ಕಂಡ ಫಲಿತಾಂಶವನ್ನು ಹಾಗೆಯೇ ಎತ್ತಿ ಜಿಂಕೆಗೆ ಅಂಟಿಸುವವರು ಮರೆಯುವುದು ಇದನ್ನೇ. ಬೆಕ್ಕಿನ ಜೊಲ್ಲಿನಲ್ಲಿರುವಂತಹ ಪ್ರೋಟೀನುಗಳ ಸುಳಿವು ಹಿಡಿದು ಇಲಿ ಹೆದರುವುದು ಈ ಅಂಗದ ಮೂಲಕವೇ; ಪ್ರೋಟೀನು, ಪೆಪ್ಟೈಡುಗಳಂಥ ಅಣುಗಳನ್ನು ಹಿಡಿಯಲು ಇಲಿಗಿರುವ ವಿ2ಆರ್ ಸಲಕರಣೆ ಮೆಲುಕು ಪ್ರಾಣಿಗಳಲ್ಲಿ ಇಲ್ಲ.

ನರಕೋಶಗಳ ಎಳೆಗಳು ಮೂಗಿನ ನಡುಗೋಡೆಯ ಮೇಲೆ ಹಾದು, ಜರಡಿಯಂತಹ ಎಲುಬಿನ ರಂಧ್ರಗಳಿಂದ ತಲೆಬುರುಡೆಯೊಳಗೆ ನುಸುಳಿ, ಸಾಮಾನ್ಯ ವಾಸನೆಯ ಕೇಂದ್ರಕ್ಕೆ ಅಂಟಿಕೊಂಡಿರುವ ಚಿಕ್ಕ ಉಪಕೇಂದ್ರವನ್ನು ಮುಟ್ಟುತ್ತವೆ. ಅಲ್ಲಿಂದ ದಾರಿ ಮಿದುಳಿನಲ್ಲಿ ಭಯ, ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಲಾಕ್ಕೆ, ಹಾರ್ಮೋನುಗಳನ್ನು ನಿಯಂತ್ರಿಸುವ ಹೈಪೋಥಲಾಮಸ್‌ಗೆ. ಭ್ರೂಣದಲ್ಲಿ ನಡೆಯುವ ಒಂದು ಘಟನೆಯನ್ನು ಇಲ್ಲಿ ಹೇಳದೆ ಇರಲಾರೆ. ಸಂತಾನೋತ್ಪತ್ತಿಯ ಹಾರ್ಮೋನುಗಳಿಗೆಲ್ಲ ಚಾಲನೆ ಕೊಡುವ ಜಿಎನ್‌ಆರ್‌ಎಚ್ ನರಕೋಶಗಳು ಹುಟ್ಟುವುದು ಮಿದುಳಿನಲ್ಲಲ್ಲ, ಮೂಗಾಗಲಿರುವ ಅಂಗಾಂಶದಲ್ಲಿ. ಅವು ಇದೇ ನರಗಳ ಎಳೆ ಹಿಡಿದು ಹೈಪೋಥಲಾಮಸ್‌ಗೆ ವಲಸೆ ಹೋಗುತ್ತವೆ ಎಂಬುದು 1989ರಲ್ಲಿ ಇಲಿಗಳ ಅಧ್ಯಯನದಿಂದ ತಿಳಿದುಬಂತು. ಮೂಗಿಗೂ ಬೆದೆಗೂ ಇರುವ ನಂಟು ಅಷ್ಟು ಹಳೆಯದು.

ಆದರೂ ಪ್ರಾಣಿಯ ಫೆರೊಮೋನ್ ಎಂದರೆ ಜೇಕಬ್‌ಸನ್ ಅಂಗವೇ ಎಂದು ಗೆರೆ ಎಳೆದುಬಿಡುವುದು ತಪ್ಪಾಗುತ್ತದೆ. ಟಗರನ್ನು ಮಂದೆಗೆ ಬಿಟ್ಟಾಗ, ಬೆದೆ ನಿಂತಿದ್ದ ಹೆಣ್ಣು ಕುರಿಗಳು ಮತ್ತೆ ಬೆದೆಗೆ ಬರುವ ಪರಿಣಾಮವನ್ನು ಪರೀಕ್ಷಿಸಿದಾಗ, ಈ ಅಂಗದ ದಾರಿಯನ್ನು ಕಡಿದರೂ ಪರಿಣಾಮ ಉಳಿಯಿತು. ಕುರಿಯಲ್ಲಿ ಆ ಸಂದೇಶವನ್ನು ಹೊರುವುದು ಮುಖ್ಯವಾಗಿ ಸಾಮಾನ್ಯ ವಾಸನೆಯ ಅಂಗಾಂಶ. ಜಪಾನಿನ ಸಂಶೋಧಕರು 2014ರಲ್ಲಿ ಹೋತದ ತಲೆಯ ಕೂದಲಿನಿಂದ ಹೊರಡುವ 4-ಇಥೈಲ್ ಆಕ್ಟನಾಲ್ ಎಂಬ ವಸ್ತು ಹೆಣ್ಣು ಆಡಿನ ಮಿದುಳಿನ ಜಿಎನ್‌ಆರ್‌ಎಚ್ ಚಾಲನಾ ಕೇಂದ್ರವನ್ನು ಎಚ್ಚರಿಸುತ್ತದೆ ಎಂದು ತೋರಿಸಿದರು, ಅದೂ ಗಾಳಿಯಲ್ಲಿ ಹರಡುವ ವಸ್ತುವೇ. ತೆಂಗಿನ ಕಪ್ಪು ದುಂಬಿಗೆ ಇಡುವ ಪೊಟ್ಟಣದಲ್ಲಿರುವುದು ಇಥೈಲ್ 4-ಮೀಥೈಲ್ ಆಕ್ಟನೋಯೇಟ್. ಎಂಟು ಇಂಗಾಲದ ಸರಪಳಿ, ನಾಲ್ಕನೆಯದರಲ್ಲಿ ಕವಲು. ಹೋತದ ವಸ್ತುವಿಗೂ ದುಂಬಿಯ ವಸ್ತುವಿಗೂ ಬೆನ್ನೆಲುಬು ಹೆಚ್ಚುಕಡಿಮೆ ಒಂದೇ. ಬೆನ್ನೆಲುಬು ಒಂದಾದರೂ ದುಂಬಿಯ ಪೊಟ್ಟಣಕ್ಕೆ ಹೋತ ಬಂದದ್ದಿಲ್ಲ.

ಈಗ ಹೊಲದ ಪ್ರಶ್ನೆಗೆ ಬರಬಹುದು. ಬದುವಿನ ಮೇಲೆ ಸಿಂಪಡಿಸಿದ ದ್ರಾವಣದ ಆವಿ ಗಾಳಿಯಲ್ಲಿ ಬಂದು ಮೊದಲು ಮುಟ್ಟುವುದು ಜಿಂಕೆಯ ಸಾಮಾನ್ಯ ವಾಸನೆಯ ಅಂಗಾಂಶವನ್ನು. ಅದು ಕೆಟ್ಟ ವಾಸನೆಯಾದರೆ, ಅಪರಿಚಿತವಾದರೆ, ಪ್ರಾಣಿ ಕೆಲವು ದಿನ ಹಿಂಜರಿದೀತು. ಅಪಾಯವೇನೂ ಒದಗದಿದ್ದರೆ ಅದಕ್ಕೆ ಒಗ್ಗಿಕೊಂಡೀತು. ಕೊಳೆತ ಮೊಟ್ಟೆ, ಕ್ಷೌರದಂಗಡಿಯ ಕೂದಲು, ಸಾಬೂನು ಇವೆಲ್ಲದರ ಹಣೆಬರಹವೂ ಇದೇ. ಇವುಗಳನ್ನು ವಿಕರ್ಷಕ ಎನ್ನಬಹುದು, ಫೆರೊಮೋನ್ ಎನ್ನಲಾಗದು. ಫೆರೊಮೋನ್ ಎಂದರೆ ಒಂದು ಪ್ರಭೇದದ ಪ್ರಾಣಿ ಅದೇ ಪ್ರಭೇದದ ಇನ್ನೊಂದಕ್ಕೆ ಕಳಿಸುವ ಸಂದೇಶ. ಸ್ವಲ್ಪ ಭರವಸೆ ಹುಟ್ಟಿಸುವ ದಾರಿ ಬೇಟೆಯಾಡುವ ಪ್ರಾಣಿಯ ವಾಸನೆಯದು. ತೋಳದ ಮೂತ್ರದಲ್ಲಿರುವ ಪಿರಜೀನ್ ಗುಂಪಿನ ವಸ್ತುಗಳು ಜಪಾನಿನ ಹೊಕ್ಕೈಡೊ ದ್ವೀಪದ ಸೀಕಾ ಜಿಂಕೆಗಳನ್ನು ಹೆದರಿಸಿ ದೂರವಿಡುತ್ತವೆ ಎಂದು ಒಸಾಡಾ ಮತ್ತು ಸಂಗಡಿಗರು 2014ರಲ್ಲಿ ವರದಿ ಮಾಡಿದ್ದಾರೆ. ಗಮನಿಸಬೇಕಾದ್ದೆಂದರೆ ಅದು ಹೊಕ್ಕೈಡೊ, ಅಲ್ಲಿ ತೋಳ ನಿರ್ನಾಮವಾಗಿ ನೂರು ವರ್ಷದ ಮೇಲಾಗಿದೆ. ಬಂಡೀಪುರ, ನಾಗರಹೊಳೆಯ ಅಂಚಿನ ಜಿಂಕೆ ಹುಲಿ, ಚಿರತೆ, ಸೀಳುನಾಯಿಗಳ ನಿಜವಾದ ಗುರುತುಗಳ ನಡುವೆಯೇ ದಿನ ಕಳೆಯುವ ಪ್ರಾಣಿ. ವಾಸನೆಯೊಂದೇ ಇದ್ದು ಅದರ ಹಿಂದೆ ಹುಲಿ ಇಲ್ಲದ ಜಾಗವನ್ನು ಅದು ಬೇಗ ಕಂಡುಕೊಂಡೀತು ಎಂಬುದು ನನ್ನ ಅಂದಾಜು.

ಗಂಡು ಹೆಣ್ಣಿನ ಸಂದೇಶವನ್ನೇ ಬಳಸಿ ಸೆಳೆಯುತ್ತೇವೆ ಎನ್ನುವವರಿಗೆ ಇನ್ನೂ ದೊಡ್ಡ ತೊಡಕಿದೆ: ವಾಸನೆಯ ಗ್ರಂಥಿಗಳು ಎಲ್ಲ ಜಿಂಕೆಗಳಲ್ಲೂ ಒಂದೇ ಅಲ್ಲ. ಅಮೆರಿಕದ ಕಪ್ಪು ಬಾಲದ ಜಿಂಕೆಯ ಹಿಂಗಾಲಿನ ಗ್ರಂಥಿಕೂದಲಿನಿಂದ ಲ್ಯಾಕ್ಟೋನ್ ಎಂಬ ಬಗೆಯ ಒಂದು ವಾಸನೆಯ ವಸ್ತುವನ್ನು 1969ರಲ್ಲೇ ಬೇರ್ಪಡಿಸಲಾಗಿದೆ. ನಮ್ಮ ಕಡವೆಯದು ಬೇರೆ ಕಥೆ: ಕಣ್ಣಿನ ಮುಂದಿನ ದೊಡ್ಡ ಗ್ರಂಥಿ, ಕೊರಳಿನ ಕೆಳಗೆ ಕೂದಲುದುರಿ ಹುಣ್ಣಿನಂತೆ ಕಾಣುವ ಕೆಂಪು ಮಚ್ಚೆ. ಕಾಡುಕುರಿ ಎಂಬ ಸಣ್ಣ ಜಿಂಕೆಗೆ ಹಣೆಯ ಮೇಲೂ ಗ್ರಂಥಿಗಳಿವೆ. ಕಾಲದ ಲೆಕ್ಕವೂ ಒಂದೇ ಅಲ್ಲ. ಶೀತ ನಾಡಿನ ಜಿಂಕೆಗಳು ವರ್ಷದ ಒಂದು ಗೊತ್ತಾದ ಅವಧಿಯಲ್ಲಿ ಒಟ್ಟಿಗೆ ಬೆದೆಗೆ ಬರುತ್ತವೆ. ನಮ್ಮ ಚುಕ್ಕೆ ಜಿಂಕೆಯ ಹಿಂಡಿನಲ್ಲಿ ವರ್ಷದ ಯಾವುದೇ ತಿಂಗಳಲ್ಲೂ ಗಟ್ಟಿ ಕೊಂಬಿನ ಗಂಡು, ಮಖಮಲ್ಲು ಹೊದ್ದ ಕೊಂಬಿನ ಗಂಡು, ಕೊಂಬುದುರಿಸಿದ ಗಂಡು ಒಟ್ಟಿಗೆ ಸಿಗಬಹುದು. ಒಂದು ಋತುವಿಗೆ ಹೂಡುವ ಬಲೆ ಅಂಥ ಹಿಂಡಿಗೆ ಹೊಂದುವುದಿಲ್ಲ. ಸಂದೇಶ ತಲುಪಲು ಗಂಡು ಆ ದ್ರವಕ್ಕೆ ಮೂತಿ ತಾಗಿಸಿ, ನೆಕ್ಕಿ, ಫ್ಲೇಮೆನ್ ಮಾಡಬೇಕು. ಅಂದರೆ ಅದು ಅದಾಗಲೇ ಹೊಲದೊಳಗೆ ಬಂದಿರಬೇಕು!

ಈ ರಚನೆಯ ತಿಳಿವಳಿಕೆ ಹೆಚ್ಚು ಉಪಯೋಗಕ್ಕೆ ಬರುವುದು ಮೃಗಾಲಯದಲ್ಲಿ. ಜಿಂಕೆಗಳ ಸಂಖ್ಯೆ ಮಿತಿಮೀರದಂತೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಆವರಣಗಳಲ್ಲಿಡುವುದು ರೂಢಿಯ ಕ್ರಮ. ನಡುವೆ ಅಂತರ ಬಿಟ್ಟು ಬೇಲಿ ಹಾಕಿದರೆ ದ್ರವದ ದಾರಿ ಕಡಿಯುತ್ತದೆ, ಗಾಳಿಯ ದಾರಿ ಕಡಿಯುವುದಿಲ್ಲ. ಹೆಣ್ಣುಗಳ ಆವರಣ ತೊಳೆದ ನೀರು ಇಳಿಜಾರಿನಲ್ಲಿ ಗಂಡುಗಳ ಆವರಣಕ್ಕೆ ಹರಿಯುವಂತಿದ್ದರೆ ದ್ರವದ ದಾರಿಯೂ ತೆರೆದೇ ಇದ್ದಂತೆ. ಗಂಡುಗಳ ಕಾದಾಟ ಹೆಚ್ಚಾದಾಗ ಮೇವಿನ ತೊಟ್ಟಿಯ ಜಾಗದ ಜೊತೆಗೆ ಚರಂಡಿಯ ಜಾಡನ್ನೂ ನೋಡುವುದು ಈ ಅಂಗಾಂಶದ ಪಾಠದಿಂದ ನೇರವಾಗಿ ಹೊರಡುವ ಸಲಹೆ.

ಚುಕ್ಕೆ ಜಿಂಕೆ, ಕಡವೆಗಳ ಅಂಗಾಂಶವನ್ನೇ ನೇರವಾಗಿ ಓದಬೇಕೆಂದರೆ ಅದಕ್ಕೆ ಪ್ರಾಣಿಯನ್ನು ಕೊಲ್ಲಬೇಕಿಲ್ಲ, ಕೊಲ್ಲುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸತ್ತ ಜಿಂಕೆಯ ಅಂಗವನ್ನು ಇಟ್ಟುಕೊಳ್ಳಲೂ ಅನುಮತಿ ಬೇಕು. ಮೃಗಾಲಯದಲ್ಲಿ ವಯಸ್ಸಾಗಿ ಸತ್ತ, ಕಾಡಿನ ಹಾದಿಯಲ್ಲಿ ವಾಹನಕ್ಕೆ ಸಿಕ್ಕ ಪ್ರಾಣಿಗಳ ಮರಣೋತ್ತರ ಪರೀಕ್ಷೆ ಹೇಗೂ ನಡೆಯುತ್ತದೆ. ತೊಂದರೆಯಿರುವುದು ಸಮಯದಲ್ಲಿ. ಮೂಗಿನ ಒಳಪದರ ಸತ್ತ ಕೆಲವೇ ಗಂಟೆಗಳಲ್ಲಿ ಕಳಚತೊಡಗುತ್ತದೆ. ನಮ್ಮ ಬಿಸಿಲಿನಲ್ಲಿ ಇನ್ನೂ ಬೇಗ. ತಲೆಯನ್ನು ಮೂತಿಯಿಂದ ಕಣ್ಣಿನವರೆಗೆ ಅಡ್ಡಕ್ಕೆ ತುಂಡರಿಸಿ ಫಾರ್ಮಲಿನ್‌ಗೆ ಹಾಕುವ ಕೆಲಸ ಮರಣೋತ್ತರ ಪರೀಕ್ಷೆಯ ಮೇಜಿನಲ್ಲೇ ಆಗಬೇಕು. ಆಮೇಲೆ ಎಲುಬಿನ ಸುಣ್ಣ ಕರಗಿಸಲು ಇಡಿಟಿಎ ದ್ರಾವಣದಲ್ಲಿ ವಾರಗಟ್ಟಲೆ ಇಡಬೇಕು. ಅವಸರಕ್ಕೆ ಕಟು ಆಮ್ಲ ಬಳಸಿದರೆ ಎಲುಬು ಬೇಗ ಮೆತ್ತಗಾದರೂ ಪ್ರೋಟೀನುಗಳನ್ನು ಗುರುತಿಸುವ ಪರೀಕ್ಷೆ ಕೈಕೊಡುತ್ತದೆ. ಪಶುವೈದ್ಯ, ಅರಣ್ಯ ಇಲಾಖೆ, ಪ್ರಯೋಗಾಲಯ ಮೂವರೂ ಮೊದಲೇ ಮಾತಾಡಿಕೊಂಡು, ಅನುಮತಿ ಪತ್ರವನ್ನೂ ಫಾರ್ಮಲಿನ್ ಡಬ್ಬವನ್ನೂ ಸಿದ್ಧವಿಟ್ಟುಕೊಂಡಿದ್ದರೆ ಮಾತ್ರ ಒಂದು ಒಳ್ಳೆಯ ಮಾದರಿ ಸಿಗುತ್ತದೆ.